ಬಿಸಿಲಿನಲ್ಲಿ ಕಾಣದ ಬೆಂಕಿ

ತನ್ನ ತಮ್ಮನ ಮೇಲೆ ನಾನು ಇನ್ನೊಂದು ಸಲ ಕೈ ಎತ್ತಿದರೆ ತಾನು ಮನೆಯಲ್ಲಿ ಇರುವುದಿಲ್ಲ ಎಂದು ನನ್ನ ಹೆಂಡತಿ ಹೇಳಿ ನಾಲ್ಕು ತಿಂಗಳಾಗಿತ್ತು. ಅಳುತ್ತ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಒಗೆದ ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ ಹೇಳಿದಳು. ಮಡಚಿದ್ದರಲ್ಲಿ ನನ್ನ ಅಂಗಿಗಳನ್ನು ಒಂದು ಕಡೆ ಇಟ್ಟಳು, ತನ್ನ ಬಟ್ಟೆಗಳನ್ನು ಇನ್ನೊಂದು ಕಡೆ. ಅದಕ್ಕೇ ನಂಬಿದೆ.

ಆ ಸಲ ಅವಳ ತಮ್ಮ ನನ್ನ ಗ್ಯಾರೇಜಿನಲ್ಲಿ ಬರೀ ಜಾಕ್ ಮೇಲೆ ನಿಂತಿದ್ದ ಕಾರಿನ ಕೆಳಗೆ ನುಗ್ಗಿದ್ದ. ಕೆಳಗೆ ಸ್ಟ್ಯಾಂಡ್ ಇಟ್ಟಿರಲಿಲ್ಲ. ಜಾಕ್ ಒಂದು ಉಸಿರು ಬಿಟ್ಟಿದ್ದರೆ ಅವನ ಎದೆಗೂಡು ಅಪ್ಪಚ್ಚಿಯಾಗಿ ಹೋಗುತ್ತಿತ್ತು. ನಾನು ಅವನ ಕಾಲು ಹಿಡಿದು ದರದರ ಎಳೆದು ರಸ್ತೆಗೆ ತಂದು ಚಚ್ಚಿದೆ. ತುಟಿ ಸೀಳಿತು, ಒಂದು ಹಲ್ಲು ಅಲುಗಾಡಿತು. ಪಕ್ಕದ ಟೈರ್ ಅಂಗಡಿಯವನು ಬಂದು ಬಿಡಿಸದಿದ್ದರೆ ಇನ್ನೂ ಹೊಡೆಯುತ್ತಿದ್ದೆ. ನನ್ನನ್ನು ಬೀದಿಯವರು ಸುತ್ತಿಗೆ ಎಂದು ಕರೆಯುವುದು ನನ್ನ ಕಸುಬಿಗಾಗಿ ಅಲ್ಲ.

ಮಾರನೆಯ ದಿನ ಹೆಂಡತಿ ನನ್ನೆದುರಿಗೇ ಟೈರ್ ಅಂಗಡಿಯವನಿಗೆ ಹೇಳಿದಳು. "ಅಣ್ಣ, ಇವರು ನನ್ನ ತಮ್ಮನ್ನ ಮುಟ್ಟಿದ್ರೆ ಏನು ಎತ್ತ ಅಂತ ಕೇಳ್ಬೇಡಿ. ಮೊದ್ಲು ಹಿಡಿದು ಕೆಡವಿ. ಕೇಳೋದು ಆಮೇಲೆ."

"ಅಷ್ಟೇನಾಮ್ಮ? ಸಂತೋಷವಾಗಿ ಮಾಡ್ತೀನಿ" ಎಂದ ಅವನು. ಲಾರಿ ಟೈರನ್ನು ಒಂದೇ ಕೈಯಲ್ಲಿ ಎತ್ತುವ ಆಳು. ನನ್ನನ್ನು ಕೆಡವಬೇಕೆಂಬ ಆಸೆ ಅವನಿಗೆ ಹಳೆಯದು.

ನಾಲ್ಕು ತಿಂಗಳು ನಾನು ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಬೈದೆ.

ಭಾಮೈದನಿಗೆ ಮೂವತ್ತೆರಡು ವರ್ಷ. ಗಳಿಸಿದ್ದನ್ನೆಲ್ಲ ಒಂದು ಕಾರಿಗೆ ಸುರಿದಿದ್ದ. ಊರಾಚೆಯ ಹಾಳುಬಿದ್ದ ರನ್‌ವೇಯಲ್ಲಿ ಭಾನುವಾರ ರೇಸ್ ಓಡಿಸುತ್ತಿದ್ದ. ಈಗ ಅವನಿಗೆ ಪೆಟ್ರೋಲ್ ಸಾಲದಾಗಿ, ಎಥನಾಲ್ ಹಾಕಿ ಓಡಿಸುವ ಹುಚ್ಚು ಹಿಡಿದಿತ್ತು. ಎಂಜಿನ್ ತಣ್ಣಗಿರುತ್ತದೆ, ಬಲ ಜಾಸ್ತಿ ಬರುತ್ತದೆ. ನಿಜ. ಆದರೆ ಪೆಟ್ರೋಲಿಗಿಂತ ಎಥನಾಲ್ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿ ಬೇಕು. ಟ್ಯಾಂಕಿನೊಳಗಿನ ಹಳೆಯ ಪಂಪು ಅಷ್ಟನ್ನು ಎತ್ತಿ ಕೊಡುವುದಿಲ್ಲ. ಪೂರ್ತಿ ಓಟದಲ್ಲಿ ಎಂಜಿನ್‌ಗೆ ಇಂಧನ ಸಾಲದೆ ಪಿಸ್ಟನ್ ಕರಗಿ ತೂತಾಗುತ್ತದೆ.

"ಭಾವ, ಒಂದು ಪಂಪ್ ಬದಲಾಯಿಸೋಕೆ ಇಷ್ಟೆಲ್ಲ ಯಾಕೆ? ಅರ್ಧ ಗಂಟೆ ಕೆಲಸ."

"ಅರ್ಧ ಗಂಟೆಲಿ ನಿನ್ನ ತಿಥಿ ಊಟಕ್ಕೆ ಎಲೆ ಹಾಕ್ಬಹುದು. ದೊಡ್ಡ ಪಂಪು ಕರೆಂಟ್ ಜಾಸ್ತಿ ಎಳೆಯತ್ತೆ. ಹಳೇ ವೈರ್ ನೋಡು, ನಿನ್ನ ಮೀಸೆ ತರ ಇದೆ, ಇದ್ರೂ ಇಲ್ಲದ ಹಾಗೆ. ಬ್ಯಾಟರಿಯಿಂದ ದಪ್ಪ ವೈರ್ ಎಳೀಬೇಕು, ರಿಲೇ ಹಾಕ್ಬೇಕು. ಟ್ಯಾಂಕ್ ಒಳಗೆ ಮುಳುಗಿರೋ ಪೈಪು ಬೇರೆ ಜಾತೀದು ಬೇಕು. ಇಲ್ಲಾಂದ್ರೆ ಆರು ತಿಂಗಳಿಗೆ ಊದಿಕೊಂಡು ಕಳಚಿಕೊಳ್ಳತ್ತೆ."

"ಭಾವನಿಗೆ ಎಲ್ಲಾದ್ರಲ್ಲೂ ಸಾವೇ ಕಾಣತ್ತೆ."

"ನಿನ್ನ ಜೊತೆ ಕೆಲ್ಸ ಮಾಡಿದ್ರೆ ಯಾರಿಗಾದ್ರೂ ಕಾಣತ್ತೆ."

ಅವನು ನಕ್ಕ. ನನಗೂ ನಗು ಬಂತು. ಅವನ ಮೇಲೆ ನನಗೆ ದ್ವೇಷವೇನಿಲ್ಲ. ಅದನ್ನು ಯಾರೂ ನಂಬುವುದಿಲ್ಲ, ಅಷ್ಟೇ.

ಅವತ್ತು ಮಧ್ಯಾಹ್ನ ಕೆಲಸ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ. ಮೇಲೆ ಶೀಟ್ ಇಲ್ಲ. ನೆತ್ತಿಯ ಮೇಲೆ ಸೂರ್ಯ, ಕೆಳಗೆ ಸುಣ್ಣ ಬಳಿದಂತೆ ಬಿಳಿಯಾದ ಕಾಂಕ್ರೀಟು. ಕಣ್ಣು ಬಿಡಲಾಗುತ್ತಿರಲಿಲ್ಲ. ಕಾರಿನ ಹಿಂದಿನ ಸೀಟು ಕಿತ್ತು, ಕೆಳಗಿನ ಮುಚ್ಚಳ ತೆಗೆದು, ಹಳೆಯ ಪಂಪನ್ನು ಮೇಲೆತ್ತಿ, ಟ್ಯಾಂಕಿನ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿದ್ದೆ. ಕಾರನ್ನು ಹದಿನೈದು ಹೆಜ್ಜೆ ಆಚೆ ತಳ್ಳಿಸಿದ್ದೆ. ಹೊಸ ಪಂಪು ಹೇಳಿದಷ್ಟು ಎತ್ತುತ್ತದೋ ಇಲ್ಲವೋ ಅಳೆಯಬೇಕಿತ್ತು. ಒಂದು ಸ್ಟೀಲ್ ಬೋಗುಣಿಯಲ್ಲಿ ಎಥನಾಲ್ ಸುರಿದು ಪಂಪನ್ನು ಅದರಲ್ಲಿ ಮುಳುಗಿಸಿಟ್ಟೆ. ಪಕ್ಕದ ಸ್ಟೂಲ್ ಮೇಲೆ ಬ್ಯಾಟರಿ.

"ಮುಟ್ಬೇಡ. ಉದ್ದ ವೈರಿನ ಸ್ವಿಚ್ ಒಳಗಿದೆ, ತರ್ತೀನಿ. ದೂರ ನಿಂತು ಆನ್ ಮಾಡೋದು" ಎಂದು ಹೇಳಿ ಒಳಗೆ ಹೋದೆ.

ಸ್ವಿಚ್ ಕೈಗೆ ಸಿಗುವ ಮೊದಲೇ ಪಂಪಿನ ಗುಂಯ್ ಸದ್ದು ಕೇಳಿಸಿತು.

ಹೊರಗೆ ಬಂದೆ. ಅವನು ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ವೈರನ್ನು ಬ್ಯಾಟರಿಗೆ ಸಿಕ್ಕಿಸಿ, ಇನ್ನೊಂದರ ಬೆತ್ತಲೆ ತುದಿಯನ್ನು ಬೆರಳಲ್ಲಿ ಹಿಡಿದು ಟರ್ಮಿನಲ್‌ಗೆ ತಾಗಿಸುತ್ತಿದ್ದ. ತಾಗಿಸಿದಾಗಲೆಲ್ಲ ಚಟ್ ಎಂದು ಕಿಡಿ. ಮೂಗಿಗೆ ಎಥನಾಲಿನ ಘಾಟು.

"ಸದ್ದು ಕೇಳು ಭಾವ, ಬೆಕ್ಕಿನ ಮರಿ ತರ..."

ನನ್ನ ಕೈ ಜೇಬಿನಲ್ಲಿರಲಿಲ್ಲ. ಪೂರ್ತಿ ಮೈಭಾರ ಹಾಕಿ ಅವನ ಕೆನ್ನೆಗೆ ಬಾರಿಸಿದೆ. ಅವನು ಬೋಗುಣಿಯ ಮೇಲೆಯೇ ಬಿದ್ದ. ಇಡೀ ಬೋಗುಣಿ ಅವನ ಎದೆ, ಕುತ್ತಿಗೆ, ಎಡಗೈಗೆ ಚೆಲ್ಲಿತು. ಬೀಳುವಾಗ ಅವನು ಸ್ಟೂಲನ್ನು ಹಿಡಿಯಲು ಹೋದ. ವೈರ್ ಅದೇ ಕೈಯಲ್ಲಿತ್ತು.

ಚಟ್ ಎಂದಿತು. ಆಮೇಲೆ ಯಾರೋ ಹಾಸಿಗೆ ಕೊಡವಿದಂತೆ ಮೆತ್ತಗೆ ಒಂದು ಸದ್ದು.

ಏನೂ ಕಾಣಲಿಲ್ಲ. ಪೆಟ್ರೋಲಾಗಿದ್ದರೆ ಹಳದಿ ಜ್ವಾಲೆ, ಕಪ್ಪು ಹೊಗೆ ಎಲ್ಲ ಇರುತ್ತಿತ್ತು. ಎಥನಾಲಿನ ಉರಿ ತೆಳು ನೀಲಿ, ಉರಿಬಿಸಿಲಿನಲ್ಲಿ ಅದೂ ಇಲ್ಲ. ಅವನ ಅಂಗಿಯ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು. ಅವನು ಎದ್ದು ನಿಂತು ತನ್ನ ಎದೆಯನ್ನೇ ನೋಡಿಕೊಂಡು ಕಿರುಚಿದ. ಅಂಥ ಕಿರುಚಾಟವನ್ನು ನಾನು ಕೇಳಿರಲಿಲ್ಲ. ಕೂದಲು ಸುಟ್ಟ ವಾಸನೆ ಬಂತು.

ಕಾರಿನ ಕೆಳಗೆ ಹಾಸಿಕೊಳ್ಳುವ ಗೋಣಿಚೀಲ ಕೈಗೆ ಸಿಕ್ಕಿತು. ಅವನು ಓಡಲು ಹೊರಟ, ಓಡಿದರೆ ಉರಿ ಹೆಚ್ಚುತ್ತದೆ. ಕಾಲಿಗೆ ಕಾಲು ಕೊಟ್ಟು ಕೆಡವಿದೆ. ಗೋಣಿಯಿಂದ ಬಡಿದೆ. ಎದೆಗೆ, ಕುತ್ತಿಗೆಗೆ, ಮುಖಕ್ಕೆ. ಅವನು ಹೊರಳಿದ, ಬೆನ್ನಿಗೆ ಬಡಿದೆ. "ಬೆಂಕಿ! ನೀರು ತನ್ನಿ!" ಎಂದು ಕೂಗಿದೆ. ಬೆಂಕಿಯ ತುದಿ ನನ್ನ ಬಲಗೈಯನ್ನು ಹಿಡಿದುಕೊಂಡಿತು. ಆ ಬೆಂಕಿಯೂ ಕಣ್ಣಿಗೆ ಕಾಣಲಿಲ್ಲ.

ಗೋಡೆ ಹಾರಿ ಬಂದ ಟೈರ್ ಅಂಗಡಿಯವನ ಕಣ್ಣಿಗೆ ಏನು ಬಿತ್ತು ಹೇಳಿ. ಬಿಸಿಲಿನಲ್ಲಿ ನೆಲಕ್ಕೆ ಬಿದ್ದು ಹೊರಳಾಡುವ ಭಾಮೈದ, ಮೇಲೆ ನಿಂತು ಬಡಿಯುವ ಭಾವ. ನಾಲ್ಕು ತಿಂಗಳ ಹಿಂದೆ ಕಂಡಿದ್ದೂ ಅದೇ.

ಅವನ ತೋಳು ಹಿಂದಿನಿಂದ ನನ್ನ ಕತ್ತಿಗೆ ಬಿತ್ತು. ಇಬ್ಬರೂ ನೆಲಕ್ಕೆ ಬಿದ್ದೆವು.

"ಬಿಡೋ! ಬೆಂಕಿ ಹತ್ತಿದೆ ಅವನಿಗೆ!"

"ಬೆಂಕಿ ಎಲ್ಲಿದೆಯೋ ಸುತ್ತಿಗೆ? ನಿನ್ನ ತಲೇಲಿದೆ!"

ಅವನ ತೋಳನ್ನು ಕಚ್ಚಿದೆ. ರಕ್ತದ ರುಚಿ ಬಂತು. ಅವನು ಬಿಡಲಿಲ್ಲ. ಮೊಣಕೈಯಿಂದ ಪಕ್ಕೆಗೆ ಗುದ್ದಿದೆ. ಅವನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಟೈರ್ ಬಿಚ್ಚುವ ಲಿವರ್ ಎತ್ತಿ ನನ್ನ ಬಲ ಹೆಗಲಿಗೆ ಹಾಕಿದ. ಮೂಳೆ ಲಟ್ಟೆಂದಿತು. ನನ್ನ ಮುಖವನ್ನು ಕಾಂಕ್ರೀಟಿಗೆ ಒತ್ತಿ, ಬೆನ್ನ ಮೇಲೆ ಮಂಡಿಯೂರಿ ಕೂತ. "ನಿನ್ನ ಹೆಂಡ್ತಿಗೆ ಮಾತು ಕೊಟ್ಟಿದ್ದೀನಿ" ಎಂದ. ನಾನು ಅತ್ತೆ, ಬೈದೆ, ಅವನ ಕಾಲು ಹಿಡಿದೆ. ಅವನ ಮಂಡಿ ಇನ್ನೂ ಭಾರವಾಯಿತು. ಎರಡು ಮಾರು ದೂರದಲ್ಲಿ ನನ್ನ ಹೆಂಡತಿಯ ತಮ್ಮ ಬೇಯುತ್ತಿದ್ದ. ಅವನ ಬಿಳಿ ಅಂಗಿ ಎದೆಯ ಮೇಲೆ ಕಂದಾಗಿ, ಆಮೇಲೆ ಕಪ್ಪಾಗಿ, ತಾನೇ ತೂತು ಬೀಳುವುದನ್ನು ನೆಲಕ್ಕಂಟಿದ ಒಂದೇ ಕಣ್ಣಿನಿಂದ ನೋಡಿದೆ.

ಟೈರ್ ಅಂಗಡಿಯವನ ಹಿಂದೆಯೇ ಎದುರು ಶೆಡ್ಡಿನಲ್ಲಿ ಕಾರಿನ ತಗಡು ತಟ್ಟುವ ಟಿಂಕರ್ ಮೇಸ್ತ್ರಿ ಬಂದಿದ್ದ. ವಯಸ್ಸಾದವನು. "ಏಳಪ್ಪ, ಏಳು, ಹಿಡಿದಿದ್ದೀವಿ ಅವನನ್ನ" ಎನ್ನುತ್ತ ಭಾಮೈದನನ್ನು ತಬ್ಬಿ ಎತ್ತಲು ಹೋದ. ಅವನ ಮುಂಗೈ ಕೂದಲು ಒಂದೇ ಕ್ಷಣದಲ್ಲಿ ಸುರುಟಿ ಹೋಯಿತು. "ಅಯ್ಯಯ್ಯೋ" ಎಂದು ಕೈ ಕೊಡವುತ್ತ ಹಿಂದಕ್ಕೆ ಬಿದ್ದು, "ಲೋ, ಬಿಡೋ ಅವನನ್ನ! ನಿಜವಾಗ್ಲೂ ಬೆಂಕಿ ಕಣೋ!" ಎಂದು ಕೂಗಿದ.

ಬೆನ್ನ ಮೇಲಿನ ಮಂಡಿ ಎದ್ದಿತು. "ತೊಟ್ಟಿ!" ಎಂದೆ. ಟೈರ್ ಅಂಗಡಿಯವನು ಓಡಿಹೋಗಿ, ಪಂಚರ್ ನೋಡುವ ನೀರಿನ ತೊಟ್ಟಿಯನ್ನು ನೀರಿನ ಸಮೇತ ಎತ್ತಿ ತಂದು ಸುರಿದ. ಪೆಟ್ರೋಲಾದರೆ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತಿತ್ತು. ಎಥನಾಲ್ ನೀರಿನಲ್ಲಿ ಬೆರೆತು ಸತ್ತಿತು. ಗಾಳಿ ನಡುಗುವುದು ನಿಂತಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಹೆಗಲಿಗೆ ಪಟ್ಟಿ, ಬಲಗೈಗೆ ಮಣಿಕಟ್ಟಿನವರೆಗೂ ಪಟ್ಟಿ. ಟೈರ್ ಅಂಗಡಿಯವನು ಪಕ್ಕದಲ್ಲಿ ಕೂತಿದ್ದ. ತೋಳಿನ ಮೇಲೆ ನನ್ನ ಹಲ್ಲಿನ ಗುರುತು ಊದಿತ್ತು.

"ಎಷ್ಟು ಹೊತ್ತು ಹಿಡ್ಕೊಂಡಿದ್ದೆ ನಾನು?"

"ಸ್ವಲ್ಪ ಹೊತ್ತು."

"ಸುಳ್ಳು ಹೇಳ್ಬೇಡ. ನಾಲ್ಕು ತಿಂಗಳಿಂದ ಕಾದಿದ್ದೆ ಕಣೋ. ಹಿಡಿದಾಗ ಎಷ್ಟು ಖುಷಿಯಾಯ್ತು ಗೊತ್ತಾ ನನಗೆ?" ಅಷ್ಟು ದೊಡ್ಡ ಆಳು ಮುಖ ಮುಚ್ಚಿಕೊಂಡು ಬಿಕ್ಕಿದ.

ಭಾಮೈದ ಉಳಿಯುತ್ತಾನೆ ಎಂದರು. ಎಡಗೈಯನ್ನು ಮೊದಲಿನಂತೆ ಮಡಚಲಾಗದು ಎಂದೂ ಹೇಳಿದರು. ಸುಟ್ಟ ಗಾಯವಲ್ಲದೆ ಬೆನ್ನಿನ ಮೇಲೆ ಬಾಸುಂಡೆ, ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದವು. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು ಅದನ್ನೇ ಕೇಳಿದ. ನನ್ನ ಹೆಂಡತಿ ಮಂಚದ ತಲೆಯ ಹತ್ತಿರ ನಿಂತಿದ್ದಳು.

"ಯಾರೂ ಹೊಡೀಲಿಲ್ಲ" ಎಂದ ಭಾಮೈದ. ಮಾತು ಬಿಡಿಬಿಡಿಯಾಗಿ ಬರುತ್ತಿತ್ತು. "ನನ್ನ ಕೈ ಜಾರಿ ಬೋಗುಣಿ ಚೆಲ್ತು. ಭಾವ ಬೆಂಕಿ ಆರಿಸೋಕೆ ಬಡಿದ್ರು. ಅವರಿಲ್ದಿದ್ರೆ ಸತ್ತೇ ಹೋಗ್ತಿದ್ದೆ."

ಪೊಲೀಸಿನವನು ಬರೆದುಕೊಂಡ. ಟೈರ್ ಅಂಗಡಿಯವನು ತಲೆಯಾಡಿಸಿದ. ಹೆಂಡತಿ ನನ್ನ ಕಡೆ ನೋಡಿದಳು. ನಾಲ್ಕು ತಿಂಗಳಲ್ಲಿ ಅಷ್ಟು ಮೆತ್ತಗೆ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು. ಮಂಚದ ಮೇಲಿನವನು ನನಗೆ ಕಣ್ಣು ಸನ್ನೆಯನ್ನೂ ಮಾಡಿದ.

ಪೊಲೀಸಿನವನು ಹೋದ ಮೇಲೆ ಹೆಂಡತಿಯನ್ನು ಬಾಗಿಲಾಚೆ ಕರೆದೆ. "ಅವನು ಹೇಳಿದ್ದು ಸುಳ್ಳು. ನಾನು ಕೆನ್ನೆಗೆ ಹೊಡೆದೆ. ಅದರಿಂದ್ಲೇ ಚೆಲ್ಲಿದ್ದು. ಆಮೇಲಿನ ಏಟುಗಳು ಬೆಂಕಿಗೆ."

"ಯಾವ ಕೈ?" ಎಂದಳು.

ಬಲಗೈ ತೋರಿಸಿದೆ. ಅವಳು ಪಟ್ಟಿ ಕಟ್ಟಿದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಸವರುತ್ತಾಳೆ ಎಂದುಕೊಂಡೆ. ಬಟ್ಟೆ ಹಿಂಡುವಂತೆ ಹಿಂಡಿದಳು. ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದೆ. ಪಟ್ಟಿಯ ಮೇಲೆ ಹಳದಿ ನೀರು, ಆಮೇಲೆ ಕೆಂಪು ಒಸರಿತು. ಕೈ ಎಳೆದುಕೊಳ್ಳಲಿಲ್ಲ ನಾನು. ಅವಳ ಬೆರಳುಗಳೇ ಸೋತು ಬಿಟ್ಟವು.

"ನಾನು ಕಾವಲಿಟ್ಟೆ. ಕಾವಲಿಟ್ಟಿದ್ದಕ್ಕೇ ಅವನು ಇಷ್ಟು ಸುಟ್ಟಿದ್ದು" ಎಂದಳು. "ಅಂಥ ಕಾವಲು ಇಡೋ ಹಾಗೆ ಮಾಡಿದ್ದು ನೀನು."

ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನನ್ನು ನೀನು ಎಂದಳು.

ಆಸ್ಪತ್ರೆಯಿಂದ ಅವನನ್ನು ಕರೆದುಕೊಂಡು ಅವಳು ತಾಯಿಯ ಮನೆಗೆ ಹೋದಳು. ಹತ್ತನೆಯ ದಿನ ಟೈರ್ ಅಂಗಡಿಯವನ ಕೈಲಿ ಹೇಳಿ ಕಳಿಸಿದಳು. ಕಾರು ಮಾರಬೇಕು, ಮೊದಲಿದ್ದ ಪಂಪನ್ನೇ ಹಾಕಿಡಬೇಕು.

ಎಡಗೈಯಲ್ಲಿ ಕೆಲಸ ನಿಧಾನ. ಟೈರ್ ಅಂಗಡಿಯವನು ಕರೆಯದೆಯೇ ಬಂದು, ಒದ್ದೆ ಗೋಣಿ ಹಿಡಿದು ಪಕ್ಕದಲ್ಲಿ ನಿಂತ. ಹಳೆಯ ಪಂಪು ಇಳಿಸಿ, ಮುಚ್ಚಳ ಬಿಗಿದು, ಸೀಟು ಕೂರಿಸಿದೆವು. ಉದ್ದ ವೈರಿನ ಸ್ವಿಚ್ಚನ್ನು ಗೋಡೆಯಾಚೆ ಒಯ್ದು ಒತ್ತಿದೆ. ಪಂಪು ಸದ್ದು ಮಾಡಿತು.

"ಇನ್ನೇನು ಹೇಳಿದ್ಲು?" ಎಂದು ಕೇಳಿದೆ.

"ಇಷ್ಟೇ" ಎಂದ ಅವನು. ಗೋಣಿಯಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.