ವಾಲ್ವ್ ಬುಡದ ಪ್ಯಾಚು

ನಮ್ಮಪ್ಪನ ಬಾಯಲ್ಲಿ ಎಲ್ಲ ಬಗೆಯ ಬೈಗುಳವೂ ಬರುತ್ತಿತ್ತು, ‘ಹೊಸ ಟ್ಯೂಬ್ ಹಾಕಿಸಿ’ ಅನ್ನುವ ಮಾತೊಂದು ಬರುತ್ತಿರಲಿಲ್ಲ. ಟ್ಯೂಬ್ ಬದಲಾಯಿಸುವುದು ಕೈಲಾಗದವರ ಕೆಲಸ ಅಂತ ಅವನ ವಾದ. ಪಂಕ್ಚರ್ ಅಂಗಡಿ ಇಟ್ಟು ಮೂವತ್ತು ವರ್ಷವಾಗಿತ್ತು. ಜನ ಅವನನ್ನು ಪ್ಯಾಚ್ ಮೇಷ್ಟ್ರು ಎಂದು ಕರೆದೂ ಕರೆದೂ ಆ ಹೆಸರು ನೆತ್ತಿಗೇರಿತ್ತು. ಎಂಟು ವರ್ಷದಿಂದ ಅದೇ ಅಂಗಡಿಯಲ್ಲಿ ಉಗುರು ಕಪ್ಪು ಮಾಡಿಕೊಂಡ ನಾನು ಮಾತ್ರ ಇನ್ನೂ ಮೇಷ್ಟ್ರ ಚಿಕ್ಕ ಮಗಳೇ.

ಆವತ್ತು ಬೆಳಿಗ್ಗೆ ಅಕ್ಕ ಬೈಕ್ ತಂದು ಬಿಟ್ಟು ಹೋದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಎರಡು ಗಂಟೆಯ ಡ್ಯೂಟಿಗೆ ಗುಡ್ಡದ ಇಳಿಜಾರಿನಲ್ಲೇ ಹೋಗಬೇಕು. ಮುಂದಿನ ಚಕ್ರದಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಟ್ಯೂಬ್ ಹೊರಗೆಳೆದು, ಸ್ವಲ್ಪ ಗಾಳಿ ತುಂಬಿ, ನೀರಿನ ಬಾನಿಗೆ ಅದ್ದಿದೆ. ಅಪ್ಪನ ನಾಲ್ಕು ಹಳೇ ಪ್ಯಾಚುಗಳು ಗಟ್ಟಿಯಾಗಿಯೇ ಕೂತಿದ್ದವು. ಗುಳ್ಳೆ ಬಂದದ್ದು ವಾಲ್ವ್ ಬುಡದಿಂದ. ಅಲ್ಲಿ ರಬ್ಬರು ಅರ್ಧ ಉಗುರಿನಷ್ಟು ಸೀಳಿತ್ತು.

“ಅಪ್ಪಾ, ಇದರ ಕಥೆ ಮುಗೀತು. ಹೊಸದು ಹಾಕ್ತೀನಿ.”

“ಕೊಡಿಲ್ಲಿ. ನಿನ್ನ ಕೈಲಾಗಲ್ಲ ಅಂದ್ರೆ ಟ್ಯೂಬ್ ಮುಗೀತು ಅಂತಾನಾ?”

ನನಗೆ ಮೈಯೆಲ್ಲ ಉರಿಯಿತು. ಮೊಳೆಯ ತೂತಾಗಿದ್ದರೆ ನಾನೇ ಕಣ್ಣು ಮುಚ್ಚಿಕೊಂಡು ಪ್ಯಾಚ್ ಹಾಕುತ್ತಿದ್ದೆ. ವಾಲ್ವ್ ಬುಡದ ಸೀಳು ಹಾಗಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಟೈರು ಟ್ಯೂಬನ್ನು ಜಗ್ಗುತ್ತದೆ, ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಜಗ್ಗಾಟವೆಲ್ಲ ಆ ಬುಡದ ಮೇಲೆಯೇ. ಒಂದು ದಿನ ಪೂರ್ತಿ ಹರಿಯುತ್ತದೆ, ಒಂದೇ ಉಸಿರಿಗೆ ಗಾಳಿಯೆಲ್ಲ ಖಾಲಿ. ಮುಂದಿನ ಚಕ್ರ, ಇಳಿಜಾರು, ಮೇಲೆ ಅಕ್ಕ.

ಇದನ್ನೆಲ್ಲ ಹೇಳಿದೆ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿದ, ಅಂಟಿನ ಸೊಲ್ಯೂಷನ್ ಹಚ್ಚಿ ಒಣಗುವವರೆಗೆ ಊದುತ್ತಾ ಕೂತ, ಪ್ಯಾಚಿನ ನಡುವೆ ತೂತು ಕೊರೆದು ವಾಲ್ವಿನ ಮೇಲಿಂದ ಇಳಿಸಿ ಒತ್ತಿದ. ಸುಳ್ಳು ಯಾಕೆ ಹೇಳಲಿ, ಅಂಥ ಕೆಲಸ ಬೇರೆಯವರ ಕೈಯಲ್ಲಿ ನಾನು ನೋಡಿಲ್ಲ. ಬಾನಿಯಲ್ಲಿ ಅದ್ದಿದ. ಒಂದು ಗುಳ್ಳೆಯೂ ಇಲ್ಲ.

“ಏನಂತೀಯ ಈಗ?”

“ಬಾನಿಯೊಳಗೆ ಬ್ರೇಕ್ ಹಿಡಿಯೋರು ಯಾರೂ ಇಲ್ಲ ಅಪ್ಪ.”

ಅವನ ಕಣ್ಣು ಕೆಂಪಾಯಿತು. “ಅಂಗಡಿ ನಂದು. ಸುಮ್ಮನೆ ನಿಮ್ಮಕ್ಕನ ಗಾಡಿಗೆ ಹಾಕು. ಇಲ್ಲಾಂದ್ರೆ ನಾಳೆಯಿಂದ ಈ ಕಡೆ ಬರಬೇಡ.”

“ಹಾಕ್ತೀನಿ. ಮೊದಲು ನಿನ್ನ ಗಾಡಿಗೆ. ಅಮ್ಮನ್ನ ಹಿಂದೆ ಕೂರಿಸ್ಕೊಂಡು ಇಳಿಜಾರಲ್ಲಿ ಹೋಗಿ ಬಾ. ಆಮೇಲೆ ಅಕ್ಕಂಗೆ.”

“ಹಾಕು ನೋಡೋಣ!”

ಹಾಕಿದೆ. ಎರಡೂ ಗಾಡಿಗೆ ಒಂದೇ ಅಳತೆಯ ಟ್ಯೂಬ್. ಅವನ ಮುಂದಿನ ಚಕ್ರ ಬಿಚ್ಚಿ, ಅವನ ಟ್ಯೂಬ್ ತೆಗೆದು, ಇದನ್ನು ತುರುಕಿ, ಗಾಳಿ ಹೊಡೆದೆ. ಅಪ್ಪ ನಿಜವಾಗಿಯೂ ಹೊರಟರೆ ಗಾಡಿಗೆ ಅಡ್ಡ ಮಲಗುವುದು ಎಂದುಕೊಂಡೆ. ಹಿಂದೆ ಸರಿಯುವ ಯೋಚನೆ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಅಮ್ಮ ಊಟದ ಡಬ್ಬಿ ಹಿಡಿದು ಬಂದಳು. “ಏನು ಅಪ್ಪ ಮಗಳ ಕಿತ್ತಾಟ? ಬೀದಿ ತುದಿಗೆ ಕೇಳಿಸ್ತಿದೆ.”

ಎಲ್ಲ ಹೇಳಿದೆ, ಒಂದಕ್ಷರ ಬಿಡದೆ. ಅಮ್ಮ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟಳು. ಅಪ್ಪನ ಗಾಡಿ ಹತ್ತಿರ ಹೋಗಿ ನಿಂತಳು.

“ಹತ್ತಿ. ನಾನು ಕೂತ್ಕೋತೀನಿ. ನಿಮ್ಮ ಕೈ ಮೇಲೆ ನಂಗೆ ನಂಬಿಕೆ ಇದೆ.”

ಅಣಕಿಸಿ ಹೇಳಲಿಲ್ಲ. ಮೂವತ್ತು ವರ್ಷದ ನಂಬಿಕೆ ಅದು, ಹಾಗೇ ಹೇಳಿದಳು. ಅಪ್ಪ ಹತ್ತಿದ. ಅಮ್ಮ ಹಿಂದೆ ಕೂತು ಅವನ ಹೆಗಲು ಹಿಡಿದಳು. ಅಪ್ಪ ಕಿಕ್ ಹೊಡೆದ, ಗಾಡಿ ಸ್ಟಾರ್ಟ್ ಆಯಿತು. ನಾನು ಮುಂದೆ ಹೋಗಿ ಹ್ಯಾಂಡಲ್ಲಿಗೆ ಅಡ್ಡ ನಿಂತೆ. ಅಪ್ಪ ನನ್ನನ್ನು ನೋಡಲಿಲ್ಲ. ಮುಂದಿನ ಚಕ್ರವನ್ನೇ ನೋಡುತ್ತಿದ್ದ.

ಆಮೇಲೆ ಕೀ ತಿರುಗಿಸಿ ಎಂಜಿನ್ ಆರಿಸಿದ.

“ಇಳಿ,” ಅಂದ.

ಅಮ್ಮ ಇಳಿಯಲಿಲ್ಲ. “ಯಾಕೆ?”

“ಇಳಿಯೇ, ಹೇಳ್ತಿದೀನಲ್ಲ.”

“ನಾನು ಕೂರಬಾರದ ಟ್ಯೂಬಿನ ಮೇಲೆ ನನ್ನ ಮಗಳನ್ನ ಕಳಿಸ್ತಿದ್ರಾ?”

ಅಪ್ಪ ಸ್ಟ್ಯಾಂಡ್ ಹಾಕಿದ. ಇಬ್ಬರೂ ಇಳಿದರು. ಯಾರೂ ನನಗೆ ಹೀಗೆ ಮಾಡು ಅನ್ನಲಿಲ್ಲ, ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಕ್ಕನ ಚಕ್ರಕ್ಕೆ ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿದೆ. ಅಪ್ಪನ ಚಕ್ರ ಮತ್ತೆ ಬಿಚ್ಚಿ ಪ್ಯಾಚಿನ ಟ್ಯೂಬನ್ನು ಹೊರಗೆಳೆದೆ. ಯಾರೂ ಎತ್ತಿಕೊಂಡು ಹೋಗಿ ಇನ್ನೊಂದು ಗಾಡಿಗೆ ಹಾಕಬಾರದೆಂದು ಕತ್ತರಿ ತಂದು ವಾಲ್ವಿನ ಪಕ್ಕದಲ್ಲೇ ಕತ್ತರಿಸಿದೆ.

ಅಪ್ಪ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

“ಪ್ಯಾಚ್ ಚೆನ್ನಾಗಿ ಕೂತಿತ್ತು ಕಣೇ,” ಅಂದ ಮೆಲ್ಲಗೆ.

“ಹೂಂ ಅಪ್ಪ, ತುಂಬಾ ಚೆನ್ನಾಗಿ ಕೂತಿತ್ತು,” ಅಂದೆ. ಇನ್ನೊಂದು ಸಲ ಕತ್ತರಿಸಿದೆ.