ಬನ್ನಿಕಟ್ಟಿ ಕ್ಲಬ್ಬಿನ ಜಪಾನ್ ಕಥೆ

ಇಳಕಲ್ಲಿನಲ್ಲಿ ಜಪಾನಿನ ಬಾಸ್ಕೆಟ್‌ಬಾಲ್ ಬಗ್ಗೆ ತಲೆ ಕೆಡಿಸಿಕೊಂಡವನು ಒಬ್ಬನೇ, ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಮತೀನ. ಅದೂ ಈಗ ನಡೆಯುವ ಲೀಗಿನ ಬಗ್ಗೆ ಅಲ್ಲ, ಮುಚ್ಚಿಹೋದ ಒಂದು ಲೀಗಿನ ಬಗ್ಗೆ. ಚಾರ್ಜರ್ ಕೊಳ್ಳಲು ಬಂದವರಿಗೂ ಅವನು ಅದರ ಕಥೆ ಹೇಳುತ್ತಿದ್ದ. ಚಾರ್ಜರ್ ಬೇಗ ಬೇಕಾದವರು ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ಕಥೆ ಹೀಗೆ. ಜಪಾನಿನಲ್ಲಿ ದೊಡ್ಡ ಟೀಮುಗಳೆಲ್ಲ ಹೆಚ್ಚುಕಮ್ಮಿ ಕಂಪನಿಗಳವೇ ಆಗಿದ್ದವು. ಕಂಪನಿಗಳ ಆ ಹಳೆಯ ಲೀಗಿನಿಂದ ಎರಡು ಟೀಮುಗಳು ಸಿಡಿದು ಹೊರಬಂದವು. ಇನ್ನು ನಾಲ್ಕು ಊರುಗಳು ಕೈಜೋಡಿಸಿದವು. ಎರಡು ಸಾವಿರದ ಐದರಲ್ಲಿ ಆರು ಟೀಮುಗಳ ಹೊಸ ಲೀಗು ಶುರುವಾಯಿತು. ಅಂಗಿಯ ಮೇಲೆ ಊರಿನ ಹೆಸರು, ಗ್ಯಾಲರಿಯಲ್ಲಿ ಊರಿನ ಜನ. ಮುಂದೆ ಭೂಕಂಪವಾಗಿ ಸುನಾಮಿ ಬಂದಾಗ ಸೆಂಡೈ ಎಂಬ ಊರಿನ ಟೀಮು ಆ ವರ್ಷದ ಆಟವನ್ನೇ ನಿಲ್ಲಿಸಬೇಕಾಯಿತು. ಅದರ ಆಟಗಾರರನ್ನು ಬೇರೆ ಊರಿನವರು ಕರೆದು ತಮ್ಮ ಟೀಮಿನಲ್ಲಿ ಆಡಿಸಿದರು. ಇದನ್ನು ಹೇಳುವಾಗ ಮತೀನನ ಕಣ್ಣು ಪ್ರತಿಸಲವೂ ಒದ್ದೆಯಾಗುತ್ತಿತ್ತು. ಆರಿದ್ದ ಟೀಮುಗಳು ಇಪ್ಪತ್ತನ್ನು ದಾಟಿದವು ಎಂಬಲ್ಲಿಗೆ ಕಥೆ ನಿಲ್ಲುತ್ತಿತ್ತು.

"ಆಮ್ಯಾಲೆ?" ಎಂದು ಹುಡುಗರು ಕೇಳಿದರೆ, "ಆಮ್ಯಾಲೆ ಏನ? ಪ್ರ್ಯಾಕ್ಟೀಸ್ ಮಾಡ್ರಿ," ಎನ್ನುತ್ತಿದ್ದ.

ಆ ಹುಡುಗರು ಬನ್ನಿಕಟ್ಟಿ ಬಾಸ್ಕೆಟ್‌ಬಾಲ್ ಕ್ಲಬ್ಬಿನವರು; ಅವರ ಓಣಿಯ ಬನ್ನಿ ಮರದ ಕಟ್ಟೆಯಿಂದ ಬಂದ ಹೆಸರು ಅದು. ಕ್ಲಬ್ಬು ಕಟ್ಟಿದವನು ಮತೀನನೇ. ಅದಕ್ಕೂ ಮೊದಲು ಅವನು ಊರಾಚೆಯ ಗ್ರಾನೈಟ್ ಫ್ಯಾಕ್ಟರಿಯ ಟೀಮಿಗೆ ಆಡುತ್ತಿದ್ದ. ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರಿಗೆ ಮಾತ್ರ ಟೀಮಿನಲ್ಲಿ ಜಾಗ ಎಂದು ನಿಯಮ ಬಂದಾಗ ನೇಕಾರರ ಓಣಿಯ ಹುಡುಗರೆಲ್ಲ ಹೊರಗೆ ಬಿದ್ದರು, ಅವರ ಜೊತೆ ಮತೀನನೂ ಎದ್ದು ಬಂದ. ಅವನ ಜೀವದ ಗೆಳೆಯ ಸಂತೋಷಕುಮಾರ ಬರಲಿಲ್ಲ. ಅವನಿಗೆ ಅಲ್ಲಿ ನೌಕರಿ ಇತ್ತು, ಆಗಷ್ಟೇ ಮದುವೆಯೂ ಆಗಿತ್ತು. ಈಗ ಅವನು ಫ್ಯಾಕ್ಟರಿ ಟೀಮಿನ ಕೋಚು. ಇಬ್ಬರೂ ಮಾತು ಬಿಟ್ಟು ಹತ್ತು ವರ್ಷದ ಮೇಲಾಯಿತು. ಎದುರಿಗೆ ಸಿಕ್ಕರೆ ಇಬ್ಬರೂ ಮೊಬೈಲ್ ನೋಡುತ್ತಾರೆ.

ಈ ಸಲ ಬಾಗಲಕೋಟೆಯ ಟೂರ್ನಮೆಂಟಿಗೆ ಎರಡೂ ಟೀಮುಗಳು ಇಳಕಲ್ಲಿನ ಹೆಸರಿನಲ್ಲೇ ಅರ್ಜಿ ಹಾಕಿದವು. ಅಲ್ಲಿಂದ ಫೋನು ಬಂತು: "ಒಂದೂರಿಗೆ ಒಂದ ಟೀಮ್ರಿ. ಇಬ್ಬರೂ ಕೂಡಿ ಬರ್ರಿ, ಇಲ್ಲಾಂದ್ರ ಇಬ್ಬರೂ ಬರಬ್ಯಾಡ್ರಿ." ಕೂಡಬೇಕಾದರೆ ಫ್ಯಾಕ್ಟರಿಯವರ ಷರತ್ತೂ ಇತ್ತು. ಕೋಚು ಸಂತೋಷಕುಮಾರ, ಅಂಗಿ ಹೊಸದು, ಬನ್ನಿಕಟ್ಟಿ ಎಂಬ ಹೆಸರು ಎಲ್ಲಿಯೂ ಇರಬಾರದು. ಮತೀನ ಒಲ್ಲೆ ಎಂದ. ಒಲ್ಲೆ ಎಂದದ್ದೇನೋ ಸುಲಭವಾಯಿತು, ಆದರೆ ಅವನ ಟೀಮಿನ ಅಯೂಬ ಇದ್ದನಲ್ಲ! ಅಂಥ ಕೈ ಇನ್ನೊಂದು ಈ ಭಾಗದಲ್ಲಿರಲಿಲ್ಲ. ರಾಜ್ಯ ತಂಡಕ್ಕೆ ಆರಿಸುವವರು ಬಾಗಲಕೋಟೆಗೆ ಬರುವವರಿದ್ದರು, ಮುಂದಿನ ವರ್ಷ ಅಯೂಬನ ವಯಸ್ಸು ಮೀರುತ್ತಿತ್ತು. ಅಯೂಬ ಏನೂ ಕೇಳಲಿಲ್ಲ. ದಿನಾಲೂ ಬಂದು ಬಾಲು ಹಾಕಿ ಹೋಗುತ್ತಿದ್ದ. ಬೈದಿದ್ದರೂ ಮತೀನನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇದನ್ನೆಲ್ಲ ಮಗ್ಗದ ಮುಂದೆ ಕೂತೇ ನೋಡುತ್ತಿದ್ದವಳು ಅವನ ತಾಯಿ ಶಹರಬಾನು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡರ ಉದ್ದನೆಯ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೇ ಅವರ ಓಣಿಯಲ್ಲಿ ಒಂದು ರೀತಿ ಇದೆ: ಕೊಂಡಿಗೆ ಕರೆದರೆ ಯಾರೂ ಒಲ್ಲೆ ಎನ್ನುವಂತಿಲ್ಲ, ಮಾತು ಬಿಟ್ಟವರೂ ಬರಬೇಕು. ಕೂತ ಮೇಲೆ ಮುಗಿಯುವ ತನಕ ಏಳುವಂತಿಲ್ಲ. ಒಬ್ಬರು ಕೈ ಬಿಟ್ಟರೆ ಎಳೆಯೆಲ್ಲ ಗೋಜಲಾಗುತ್ತದೆ.

ಭಾನುವಾರ ಬೆಳಿಗ್ಗೆ ಶಹರಬಾನು ಮಗನನ್ನು ಹಾಸಿನ ಒಂದು ಬದಿಗೆ ಕೂರಿಸಿದಳು. ಅವನ ಕೈಗೆ ಎಳೆ ಬಂದ ಮೇಲೆ ಬಾಗಿಲಲ್ಲಿ ಸಂತೋಷಕುಮಾರ ಕಾಣಿಸಿಕೊಂಡ. ಅವನೂ ಅದೇ ಓಣಿಯಲ್ಲಿ ಹುಟ್ಟಿದವನು, ಅವನ ತಾಯಿಯೂ ನೇಯುತ್ತಿದ್ದವಳು.

"ಕರಿಸಿದ್ರಂತಲ್ಲ, ಅವ್ವಾ?"

"ಹೂಂನಪಾ, ಕೊಂಡಿ ಐತಿ. ಕೂಡು," ಎಂದು ಅವಳು ಎದುರಿನ ಬದಿ ತೋರಿಸಿ, ತಾನು ಚಹಾ ಮಾಡಲು ಒಳಗೆ ಹೋದಳು. ಆ ಚಹಾ ಬೇಗ ಬರಲಿಲ್ಲ.

ಇಬ್ಬರು ಗಂಡಸರು ಎಳೆಗೆ ಎಳೆ ಸಿಕ್ಕಿಸತೊಡಗಿದರು. ಮೊಬೈಲ್ ನೋಡೋಣವೆಂದರೆ ಕೈಗೆ ಬಿಡುವಿರಲಿಲ್ಲ. ಸಂತೋಷಕುಮಾರನ ಬೆರಳುಗಳು ಮೊದಲು ತಡವರಿಸಿದರೂ ಆಮೇಲೆ ಹಳೆಯ ರೂಢಿಗೆ ಬಂದವು.

"ಆ ಜಪಾನಿನ ಕಥಿ ಇನ್ನೂ ಹೇಳ್ತಿಯಂತಲ್ಲಲೇ?" ಎಂದ ಕೊನೆಗೆ.

"ಹೇಳ್ತೇನಿ. ನಿನಗೇನ ತ್ರಾಸು?"

"ತ್ರಾಸಿಲ್ಲೋ ಮಾರಾಯ. ಆ ಲೀಗ ಕಡೀಕ ಏನಾತು, ಯಾರಿಗೂ ಹೇಳಂಗಿಲ್ಲಂತ. ನಮ್ಮ ಹುಡುಗೂರ ಸೈತ ಕೇಳಾಕತ್ತಾರ."

ಮತೀನ ಎದ್ದು ಹೋಗುವಂತಿರಲಿಲ್ಲ. ಮತ್ತೊಂದಿಷ್ಟು ಎಳೆಗಳು ಕೂಡಿದ ಮೇಲೆ ಎಳೆ ನೋಡುತ್ತಲೇ ಹೇಳಿದ.

"ಒಂದ ದೇಶದಾಗ ಎರಡ ಲೀಗ್ ಆದ್ವು. ಇವರ ಮಾತು ಅವರು ಕೇಳಲಿಲ್ಲ, ಅವರದು ಇವರು ಕೇಳಲಿಲ್ಲ. ಜಗತ್ತಿನ ಸಂಸ್ಥಾದವರು ಇಡೀ ಜಪಾನನ್ನ ಹೊರಗ ಹಾಕಿದ್ರು. ದೇಶದ ಟೀಮು ಎಲ್ಲೂ ಆಡೂ ಹಂಗಿಲ್ಲ ಅಂದ್ರು. ಆಮ್ಯಾಲೆ ಎರಡೂ ಮುಚ್ಚಿ ಒಂದ ಮಾಡಿದ್ರು."

"ಊರಿನ ಟೀಮುಗೋಳು ಸತ್ತುವೇನು?"

"ಟೀಮು ಸಾಯಲಿಲ್ಲ. ಲೀಗ ಸತ್ತಿತು." ಮತೀನ ಎಳೆಯೊಂದನ್ನು ಎಳೆದು ಸಿಕ್ಕಿಸಿದ. "ಹೊಸಾ ಲೀಗಿನ ಮೊದಲನೇ ಮ್ಯಾಚ್ ಇಟ್ರು. ಒಂದ ಕಡೆ ಸತ್ತ ಲೀಗಿನ ಕಡೀ ಕಪ್ಪು ಗೆದ್ದ ದ್ವೀಪದ ಟೀಮು. ಇನ್ನೊಂದ ಕಡೆ ಹಳೇ ಕಂಪನಿ ಟೀಮು."

"ಯಾರ ಗೆದ್ರು?"

"ನಿಮ್ಮಂಥಾವ್ರ."

ಸಂತೋಷಕುಮಾರನಿಗೆ ನಗು ತಡೆಯಲಾಗಲಿಲ್ಲ. ಹಾಸು ಅಲುಗಾಡಿತು. "ಹುಷಾರಲೇ," ಎಂದು ಗದರಿದ ಮತೀನನೂ ನಕ್ಕುಬಿಟ್ಟ. ನಕ್ಕ ಮೇಲೆ ಸಿಟ್ಟನ್ನು ಮತ್ತೆ ಹುಡುಕಿಕೊಳ್ಳುವುದು ಕಷ್ಟವಾಯಿತು.

"ಏಳು ವರ್ಷದ ಮ್ಯಾಲೆ ಆ ದ್ವೀಪದವರು ಹೊಸಾ ಲೀಗೂ ಗೆದ್ರು," ಎಂದ, ಅದನ್ನು ಬಿಡಲು ಮನಸ್ಸಿಲ್ಲದೆ.

"ಆ ಲೀಗ್ ಕಟ್ಟಿದವ್ರು ಏನ ಮಾಡಿದ್ರೋ, ಮುಚ್ಚಿದ ದಿನ?"

ಮತೀನ ಇದನ್ನು ವರ್ಷಗಟ್ಟಲೆ ಹುಡುಕಿದ್ದ. ಅಂಕಿಸಂಖ್ಯೆ ಎಲ್ಲ ಸಿಕ್ಕಿತ್ತು, ಇದೊಂದು ಸಿಕ್ಕಿರಲಿಲ್ಲ.

"ಗೊತ್ತಿಲ್ಲೋ. ಅದನ್ನ ಯಾರೂ ಬರದಿಲ್ಲ."

ಸಂತೋಷಕುಮಾರ ತಲೆ ತಗ್ಗಿಸಿ ಕೆಲಸ ಮಾಡಿದ. ಕೊನೆಯ ಎಳೆಗಳು ಉಳಿದಾಗ ಮೆಲ್ಲಗೆ ಹೇಳಿದ: "ಅವತ್ತ ನಾನೂ ನಿನ್ನ ಹಿಂದ ಬರಬೇಕಿತ್ತು. ಧೈರ್ಯ ಆಗ್ಲಿಲ್ಲ. ಹೆಸರಿನ ಬಗ್ಗೆ ಮಾಲಕರಿಗೆ ಭಾಳ ಹೇಳಿದೆ ಮತೀನ, ಕೇಳವಲ್ಲರು."

"ಹೆಸರ ಬಿಡು," ಎಂದ ಮತೀನ. ಆ ಮಾತು ಬಾಯಿಂದ ಬಿದ್ದದ್ದು ಅವನಿಗೇ ಆಮೇಲೆ ತಿಳಿಯಿತು. "ಅಯೂಬನ್ನ ಶುರುದಿಂದನ ಆಡ್ಸು. ಬೆಂಚಿನ ಮ್ಯಾಲೆ ಕೂಡಿಸಿ ಇಡಬ್ಯಾಡ."

"ಆಡಸ್ತೇನಿ."

ಆಗ ಶಹರಬಾನು ಚಹಾ ತಂದಳು. ಕೊಂಡಿಯ ಮೇಲೆ ಒಮ್ಮೆ ಕೈಯಾಡಿಸಿ, "ಅಡ್ಡಿಯಿಲ್ಲ," ಎಂದಳು.

ಟೂರ್ನಮೆಂಟಿನ ದಿನ ಮತೀನ ಹುನಗುಂದದ ಮೇಲಿಂದ ಹೋಗುವ ಬಸ್ಸು ಹಿಡಿದು ಒಬ್ಬನೇ ಬಾಗಲಕೋಟೆಗೆ ಹೋದ. ಟೀಮಿನ ಗಾಡಿಯಲ್ಲಿ ಬಾ ಎಂದು ಸಂತೋಷಕುಮಾರ ಎಷ್ಟು ಕರೆದರೂ ಅವನು ಹತ್ತಿರಲಿಲ್ಲ. ಗ್ಯಾಲರಿಯಲ್ಲಿ ಮೇಲಿನ ಮೆಟ್ಟಿಲು ಹಿಡಿದು ಕೂತ. ಹುಡುಗರು ಹೊಸ ನೀಲಿ ಅಂಗಿ ಹಾಕಿಕೊಂಡು ಬಂದರು. ಯಾರು ತನ್ನವರು, ಯಾರು ಫ್ಯಾಕ್ಟರಿಯವರು ಎಂದು ಅಷ್ಟು ದೂರದಿಂದ ತಕ್ಷಣ ಗೊತ್ತಾಗಲಿಲ್ಲ. ತನ್ನ ಕ್ಲಬ್ಬು ಸತ್ತಿತು ಎಂಬುದು ಅವನಿಗೆ ನಿಜವಾಗಿ ನಾಟಿದ್ದು ಆಗಲೇ.

ಆಟ ಬಿರುಸಾಗಿ ನಡೆದು ಕೊನೆಯ ಹೊತ್ತಿಗೆ ಸಮಸಮಕ್ಕೆ ಬಂತು. ಅಯೂಬ ಇಬ್ಬರ ನಡುವೆ ನುಸುಳಿ, ತಾನೇ ಹಾಕಬಹುದಾಗಿದ್ದ ಬಾಲನ್ನು ಫ್ಯಾಕ್ಟರಿಯ ಎತ್ತರದ ಹುಡುಗನಿಗೆ ಕೊಟ್ಟ. ಅವನು ಹಾಕಿದ. ಮತೀನ ಮೈಮರೆತು ಎದ್ದು ನಿಂತ.

"ಬನ್ನಿಕಟ್ಟೀ!" ಎಂದು ಕೂಗಿದ.

ಕೋರ್ಟಿನಲ್ಲಿ ಯಾರೂ ತಿರುಗಲಿಲ್ಲ. ಆ ಹೆಸರಿನಡಿ ಬೆಳೆದ ಅಯೂಬನೂ ತಿರುಗಲಿಲ್ಲ. ಅವನ ಗಮನವೆಲ್ಲ ಬಾಲಿನ ಮೇಲಿತ್ತು. ಆಟದಲ್ಲಿರುವಾಗ ತಿರುಗಬಾರದು ಎಂದು ಕಲಿಸಿದವನೂ ಮತೀನನೇ. ಬೆಂಚಿನ ಹತ್ತಿರ ನಿಂತಿದ್ದ ಸಂತೋಷಕುಮಾರ ಒಬ್ಬನೇ ತಿರುಗಿ, ಕತ್ತೆತ್ತಿ ಮೇಲಕ್ಕೆ ನೋಡಿದ.

ಮತೀನ ಕಣ್ಣೊರೆಸಿಕೊಂಡು, ಎರಡನೆಯ ಸಲ ಕೂಗಿದ.

"ಇಳಕಲ್ಲ!"