ತಾರೀಖಿಲ್ಲದ ಮೆಸೇಜು

ಮಾಘದ ಬಿಸಿಲು ಏರುತ್ತಿದ್ದ ಹೊತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ಒಂದು ಗುರುವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಇದೆಲ್ಲ ಶುರುವಾಯಿತು. ಬುಡನಸಾಬ ಘಾಟಿಗೆ ಹೆದರಿ ಮೂಗಿಗೆ ವಸ್ತ್ರ ಕಟ್ಟಿಕೊಂಡು ಚೀಲದ ಬಾಯಿ ಹೊಲಿಯುತ್ತ ಕುಳಿತಿದ್ದ. ನಲವತ್ತು ವರ್ಷದಿಂದ ಅದೇ ದಬ್ಬಣ, ಅದೇ ಸುತಳಿ. ಮೊಬೈಲ್ ಅಂಗಡಿಯ ಜಾಕೀರ್ ಓಡುತ್ತ ಬಂದ. ಅವನು ವಾಟ್ಸಾಪಿನಲ್ಲಿ ರಕ್ತದಾನಿಗಳ ಒಂದು ಗ್ರೂಪ್ ಕಟ್ಟಿದ್ದ.

"ಚಾಚಾ, ನಮ್ಮ ಓಣಿ ಕರಬಸಪ್ಪನ ಮಗ ಗಾಡಿ ಮ್ಯಾಲಿಂದ ಬಿದ್ದಾನ. ಹಾವೇರಿ ದವಾಖಾನ್ಯಾಗ ಓ ನೆಗೆಟಿವ್ ರಕ್ತ ಬೇಕಂತ. ಫೋನ್ ಎತ್ತಾಕ ಒಬ್ರು ಬೇಕು. ನಿಮ್ಮ ನಂಬರ್ ಹಾಕ್ಲೇನ?"

"ಹಾಕಪಾ. ನನಗೇನ ದಿನಾ ಫೋನ್ ಬರ್ತಾವು?"

ಜಾಕೀರ್ ಹಾಕಿದ: 'ತುರ್ತು! ಇವತ್ತು ಸಂಜೆಯೊಳಗೆ ಓ ನೆಗೆಟಿವ್ ರಕ್ತ ಬೇಕು. ಹಾವೇರಿ ಆಸ್ಪತ್ರೆ. ಬುಡನಸಾಬ.' ಕೆಳಗೆ ನಂಬರು. ಮಧ್ಯಾಹ್ನಕ್ಕೇ ರಕ್ತ ಸಿಕ್ಕಿತು, ಹುಡುಗ ಉಳಿದ. ಗ್ರೂಪಿನವರೆಲ್ಲ ಕೈಮುಗಿದ ಚಿತ್ರ ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಜಾಕೀರ್ ಅದಕ್ಕೆ ತಾರೀಖು ಹಾಕಿರಲಿಲ್ಲ. ಮೆಸೇಜು ರಾಣೆಬೆನ್ನೂರಿನ ಕ್ರಿಕೆಟ್ ಗ್ರೂಪಿಗೆ ಹೋಯಿತು, ಕರ್ಜಗಿಯ ಹಾಲಿನ ಡೇರಿ ಗ್ರೂಪಿಗೆ ಹೋಯಿತು, ಯಾರದೋ ಮದುವೆಗೆಂದು ಕಟ್ಟಿ ಹಾಗೇ ಬಿಟ್ಟ ಗ್ರೂಪಿಗೂ ಹೋಯಿತು. ಓದಿದವರಿಗೆಲ್ಲ ತಾವು ಓದಿದ ದಿನವೇ ಆ 'ಇವತ್ತು'. ಬುಡನಸಾಬ ಉಣ್ಣಲು ಕೂತರೆ ಫೋನು, ನಮಾಜು ಮುಗಿಸಿ ಎದ್ದರೆ ಫೋನು.

"ಅಜ್ಜಾರ, ಇನ್ನೂ ರಕ್ತ ಬೇಕೇನ್ರಿ?"

"ಬ್ಯಾಡ ತಮ್ಮಾ, ಹೋಳಿ ಹುಣ್ಣಿವಿಗಿಂತ ಮೊದಲ ಸಿಕ್ಕೇತಿ."

ಹೆಂಡತಿ ಕುಲ್ಸುಮಬಿ ಬೇಸತ್ತಳು. "ಮಗಳ ಮದುವ್ಯಾಗೂ ಇಷ್ಟು ಮಂದಿ ನಿಮ್ಮನ್ನ ಮಾತಾಡ್ಸಿರ್ಲಿಲ್ಲ. ಆ ಫೋನ್ ಬಾವ್ಯಾಗ ಒಗೀರಿ."

ಬುಡನಸಾಬ ಅಂಗಡಿಗೆ ಹೋಗಿ, "ತೆಗಿಯೋ ಅದನ್ನ," ಎಂದ.

"ನನ್ನ ಗ್ರೂಪಿನಾಗಿಂದು ತೆಗದೇನಿ ಚಾಚಾ. ಮಂದಿ ಫೋನಿನಾಗಿದ್ದದ್ದನ್ನ ನಾ ಹೆಂಗ ತೆಗೀಲಿ?"

"ಹಾಕಾಕ ಬರತೈತಿ, ತೆಗಿಯಾಕ ಬರಂಗಿಲ್ಲ. ಎಂಥಾ ವಿದ್ಯಾನೋ ನಿಂದು!"

ಆದರೂ ಫೋನ್ ಮಾಡಿದವರನ್ನು ಗದರಿಸಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಪಾಪ, ರಕ್ತ ಕೊಡುತ್ತೇನೆಂದು ಕೇಳಿದವರು. ಯಾವ ಊರು, ಯಾರ ಪೈಕಿ, ಮಳೆ ಹೇಗಿದೆ ಎಂದು ವಿಚಾರಿಸಿಯೇ ಇಡುತ್ತಿದ್ದ. ನಂಬರನ್ನು ಪಡಸಾಲೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಂಕಿ ಬರುತ್ತಿದ್ದವು, ಅಕ್ಷರ ತಡವರಿಸುತ್ತಿದ್ದವು. ಮಾರುಕಟ್ಟೆಯಲ್ಲಿ ಯಾರ ಚೀಲವೆಂದು ತಿಳಿಯಲು ಒಂದೊಂದು ಗುರುತು ಹಾಕುವುದಿಲ್ಲವೇ, ಹಾಗೆ ನಂಬರಿನ ಮಗ್ಗುಲಿಗೆ ಗುರುತು ಹಾಕಿದ. ಹಲಗೇರಿಯ ಯಲ್ಲೇಶ ಕುರಿ ಸಾಕಿದವನು, ಅವನಿಗೊಂದು ಕೋಡು. ಡೇರಿಯ ಹೆಣ್ಣುಮಗಳಿಗೆ ಒಂದು ಕ್ಯಾನು.

ರಾಣೆಬೆನ್ನೂರಿನ ಗುರುರಾಜ ಮಾಸ್ತರ ಮಾತ್ರ ವಿಚಾರಿಸಲು ಆಸ್ಪದವನ್ನೇ ಕೊಡಲಿಲ್ಲ. "ಅಲ್ರೀ, ನಂದೂ ಅದ ರಕ್ತ ಅದ ಅಂತ ಸಾಲಿಗೆ ರಜಾ ಹಾಕಿ, ಬಸ್ ಹತ್ತಿ ಹಾವೇರಿಗೆ ಬಂದ್ರ ಅಲ್ಲಿ ಒಂದು ನರಪಿಳ್ಳಿ ಇಲ್ಲ! ಫೋನ್ ಹಚ್ಚಿದ್ರ ನೀವು ಎತ್ತಂಗಿಲ್ಲ. ಮಂದಿನ್ನ ಹುಚ್ಚರನ್ನ ಮಾಡೀರೇನು?"

"ತಪ್ಪಾತ್ರಿ ಮಾಸ್ತರ," ಎನ್ನುವಷ್ಟರಲ್ಲಿ ಆತ ಇಟ್ಟುಬಿಟ್ಟಿದ್ದ. ಮಾಸ್ತರನೆಂದರೆ ಕನ್ನಡಕ ಇದ್ದೇ ಇರುತ್ತದೆಂದು ಬುಡನಸಾಬ ಆ ನಂಬರಿಗೆ ಒಂದು ಚಾಳೀಸು ಬರೆದ.

ಭಾದ್ರಪದದ ಒಂದು ಬುಧವಾರ ನಸುಕಿನಲ್ಲಿ ತುಂಬುಗರ್ಭಿಣಿ ಸೊಸೆ ಫರ್ಹಾನಾಳಿಗೆ ರಕ್ತ ಹೋಗತೊಡಗಿತು. ಹಾವೇರಿಗೆ ಒಯ್ದರು. ಮಾಸು ಕೆಳಗಿದೆ, ಸಂಜೆಯೊಳಗೆ ಆಪರೇಷನ್ ಆಗಲೇಬೇಕು, ಎರಡು ಬಾಟಲಿ ರಕ್ತ ತಯಾರಿರಬೇಕು ಎಂದರು ಡಾಕ್ಟರು. ಅವಳದೂ ಅದೇ ಓ ನೆಗೆಟಿವ್. ಅಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಮಗ ತೌಸಿಫ್ ಹುಬ್ಬಳ್ಳಿಗೆ ಓಡಿದ. ಅಲ್ಲಿಂದಲೂ ಇಲ್ಲವೆಂದು ಫೋನ್ ಬಂತು.

ಬ್ಯಾಡಗಿಯಲ್ಲಿದ್ದ ಜಾಕೀರನಿಗೆ ಹೇಳಿದರೆ, ಗಡಿಬಿಡಿಯಲ್ಲಿ ಅವನು ಆ ಹಳೆಯ ಮೆಸೇಜನ್ನೇ ಎತ್ತಿ ಎಲ್ಲ ಕಡೆ ಹಾಕಿದ. ಅರ್ಧ ಗಂಟೆಯಲ್ಲಿ ಅದರ ಮೇಲೆ ಯಾರೋ ಕೆಂಪು ಕಾಟು ಹೊಡೆದು 'ಸುಳ್ಳು ಸುದ್ದಿ, ನಂಬಬೇಡಿ' ಎಂದು ತಿರುಗಿ ಕಳಿಸಿದರು.

"ಚಾಚಾ, ಖರೇ ಐತಿ ಅಂದ್ರೂ ನಂಬವಲ್ರು. ಎರಡು ಗ್ರೂಪಿನಾಗಿಂದ ನನ್ನ ತೆಗದ ಒಗದಾರ."

ವರ್ಷಾನುಗಟ್ಟಲೆ ದನಿ ಏರಿಸದ ಬುಡನಸಾಬ ದವಾಖಾನೆ ಅಂಗಳದಲ್ಲಿ ನಿಂತು ಫೋನಿನಲ್ಲೇ ಕೂಗಿದ. "ಲೇ ಜಾಕೀರ, ಗುರುತು ಹಾಕದ ಒಂದ ಚೀಲ ನಾ ಈವರೆಗೆ ಹೊರಗ ಬಿಟ್ಟಿಲ್ಲ. ಒಂದು ತಾರೀಖು ಬರದ್ರ ನಿನ್ನ ಬೆರಳು ಸವೀತಿದ್ವೇನು? ಈಗ ನಮ್ಮ ಮನಿಗೆ ಹೋಗು. ಕೀಲಿ ಮಗ್ಗಲಮನ್ಯಾಗ ಐತಿ. ಕ್ಯಾಲೆಂಡರಿನ ಫೋಟೋ ಹೊಡದು ನಿಮ್ಮ ಚಾಚಿ ಫೋನಿಗೆ ಕಳಸು. ಎಲ್ಲಾ ತಿಂಗಳ ಹಾಳಿದು!"

ಫೋಟೋ ಬಂತು. ಕುಲ್ಸುಮಬಿ ಫೋನ್ ಹಿಡಿದಳು, ಬುಡನಸಾಬ ತನ್ನದರಲ್ಲಿ ನಂಬರ್ ಒತ್ತಿದ. ಯಾರೂ ಎತ್ತಲಿಲ್ಲ. ಕಡೆಗೆ ಡೇರಿಯ ಹೆಣ್ಣುಮಗಳು ಎತ್ತಿ, "ನಿಮ್ಮ ನಂಬರ್ ಬಂದ್ರ ರಕ್ತದ ಮೋಸಗಾರ ಅಂತ ಹೆಸರು ತೋರಸ್ತೈತಿ, ಇಡ್ರಿ," ಎಂದಳು. ಹೆಸರು ತೋರಿಸುವ ಆ್ಯಪಿನಲ್ಲಿ ಯಾರು ಯಾವಾಗ ಹಾಗೆ ಬರೆದರೋ! ಬುಡನಸಾಬನಿಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಹೆಂಡತಿಯ ಫೋನ್ ಕಸಿದುಕೊಂಡು ಅದರಿಂದಲೇ ಹಚ್ಚತೊಡಗಿದ.

ಒಬ್ಬ ಗೋವಾದಲ್ಲಿದ್ದ. ಇನ್ನೊಬ್ಬ ಹೋದ ತಿಂಗಳಷ್ಟೇ ಕೊಟ್ಟಿದ್ದ. ಹಲಗೇರಿಯ ಯಲ್ಲೇಶ, "ಕುರಿ ಎಷ್ಟು ಮರಿ ಹಾಕ್ಯಾವು ಅಂತ ಕೇಳಿದ್ದ ಅಜ್ಜಾರೇನ್ರಿ? ಬಂದೆ ನಿಂದ್ರಿ," ಎಂದ. ಇನ್ನೊಂದು ಬಾಟಲಿ ಬೇಕು. ಉಳಿದದ್ದು ಚಾಳೀಸು ಒಂದೇ.

"ಮಾಸ್ತರ, ನಾ ಬ್ಯಾಡಗಿ ಬುಡನಸಾಬ. ಇಡಬ್ಯಾಡ್ರಿ."

"ಮತ್ತ ನೀವೇ? ಏನ್ ಹಚ್ಚೀರಿ ಸಾಹೇಬ್ರ?"

"ಇವತ್ತ ಖರೇನ ಬೇಕ್ರಿ. ನನ್ನ ಸೊಸಿಗೆ. ಬುಧವಾರ ಐತಿ, ಹನ್ನೊಂದು ಹೊಡದು ಹತ್ತು ನಿಮಿಷ ಆಗೇತಿ."

"ಸೊಸಿ ಹೆಸರೇನು?"

"ಫರ್ಹಾನಾ."

"ನಾ ಬಂದಾಗ ಯಾರೂ ಇಲ್ಲದಿದ್ರ?"

"ಗೇಟಿನಾಗ ನಿಂತಿರ್ತೇನ್ರಿ. ನೀವು ಬರೂತನಕ ಸರಿಯಂಗಿಲ್ಲ."

ಒಂದೂವರೆಗೆ ಮಾಸ್ತರ ಬಂದ. ಸೂಜಿ ತೋಳಿನಲ್ಲಿದ್ದರೂ ಬಾಯಿ ನಿಲ್ಲಲಿಲ್ಲ. "ತಾರೀಖಿಲ್ಲದ ರಜಾ ಅರ್ಜಿ ನಾ ನಾಲ್ಕನೇತ್ತಾ ಹುಡುಗರ ಕಡಿಂದನೂ ತಗೊಳ್ಳಂಗಿಲ್ಲ!"

"ಹೌದ್ರಿ ಮಾಸ್ತರ."

"ಹೌದ್ರಿ ಅಂದ್ರ ಮುಗೀತೇನು?"

"ಇಲ್ರಿ ಮಾಸ್ತರ."

ಪಕ್ಕದಲ್ಲಿ ಮಲಗಿ ರಕ್ತ ಕೊಡುತ್ತಿದ್ದ ಯಲ್ಲೇಶ ನಗು ತಡೆಯಲಾರದೆ ನರ್ಸಿನಿಂದ ಬೈಸಿಕೊಂಡ.

ಐದು ಗಂಟೆಗೆ ಹೆಣ್ಣು ಕೂಸು. ಫರ್ಹಾನಾ ಕಣ್ಣು ಬಿಟ್ಟಳು. ಬುಡನಸಾಬ ಗೋಡೆಗೆ ಒರಗಿ ಕುಳಿತ. ಅಷ್ಟರಲ್ಲಿ ಬಂದು ಮುಟ್ಟಿದ ಜಾಕೀರ್, ಮಾಸ್ತರನ ಫೋಟೋ ಹಾಕುತ್ತೇನೆಂದು ಮೊಬೈಲ್ ತೆಗೆದ.

"ಫೋಟೋ ಆಮ್ಯಾಲೆ," ಎಂದ ಬುಡನಸಾಬ. "ರಕ್ತ ಸಿಕ್ಕೇತಿ, ಇನ್ನ ಬ್ಯಾಡ ಅಂತ ಮೊದಲ ಬರಿ. ತಾರೀಖು ಹಾಕು. ಟೈಮೂ ಹಾಕು."

ಜಾಕೀರ್ ಎದುರಿಗೇ ನಿಂತು ಬರೆದ, ಮಾಸ್ತರ ಎರಡು ಸಲ ತಿದ್ದಿಸಿದ. ಆದರೆ ಬೇಕೆಂಬ ಮೆಸೇಜನ್ನು ಸಾವಿರ ಜನ ದಾಟಿಸಿದ್ದರು, ಸಿಕ್ಕಿತೆಂಬುದನ್ನು ಹತ್ತು ಜನವೂ ದಾಟಿಸಲಿಲ್ಲ. ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಬುಡನಸಾಬನಿಗೆ ಹದಿನಾಲ್ಕು ಫೋನ್ ಬಂದವು. ಹದಿನಾಲ್ಕಕ್ಕೂ ಊರು ಕೇಳಿದ.

ಎಂಟನೆಯ ದಿನ, ಬುಧವಾರ, ಫರ್ಹಾನಾ ಕೂಸನ್ನು ಎತ್ತಿಕೊಂಡು ಬಾಣಂತನಕ್ಕೆ ತವರು ಮೋಟೆಬೆನ್ನೂರಿಗೆ ಹೋದಳು.